ಅಫಿಂಗ್ಟನ್‌ನ ಬಿಳಿ ಕುದುರೆ ಆಲ್ಫ್ರೆಡ್ ರಾಜ ಕೊರೆಸಿದ್ದಾ?

ಪ್ರಶ್ನೆ: ಇಂಗ್ಲೆಂಡಿಗೆ ಹೋದಾಗ ಅಫಿಂಗ್ಟನ್ ಹಳ್ಳಿಯ ಗುಡ್ಡದ ಮೇಲೆ ಕೊರೆದ ದೊಡ್ಡ ಬಿಳಿ ಕುದುರೆಯ ಚಿತ್ರ ನೋಡಿದೆವು. ಡೆನ್ಮಾರ್ಕ್ ಕಡೆಯಿಂದ ದಾಳಿ ಮಾಡಿದ ಡೇನರನ್ನು ಸೋಲಿಸಿದ ನೆನಪಿಗೆ ಆಲ್ಫ್ರೆಡ್ ರಾಜ ಅದನ್ನು ಕೊರೆಸಿದನಂತೆ, ನಿಜವೇ?

ಉತ್ತರ: ಅಲ್ಲ. ಎಷ್ಟನೇ ಸಲ ಇದನ್ನು ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ.

ಮೊದಲು ಆ ಯುದ್ಧ. ಡೇನರು ಸೋತ ಆ ಆಶ್‌ಡೌನ್ ಕಾಳಗ ನಡೆದದ್ದು 871ರ ಜನವರಿಯಲ್ಲಿ. ಆಗ ಆಲ್ಫ್ರೆಡ್ ರಾಜನೇ ಅಲ್ಲ! ಪಟ್ಟದಲ್ಲಿದ್ದವನು ಅವನ ಅಣ್ಣ ಎಥೆಲ್‌ರೆಡ್. ಅಣ್ಣ ತೀರಿಕೊಂಡು ತಮ್ಮ ರಾಜನಾದದ್ದು ಏಪ್ರಿಲ್‌ನಲ್ಲಿ.

ಇನ್ನು ಕುದುರೆಯ ವಯಸ್ಸು. 1990ರ ದಶಕದಲ್ಲಿ ಅದರ ಅಡಿಯ ಮಣ್ಣನ್ನು ಪರೀಕ್ಷೆ ಮಾಡಿದರು. ಮಣ್ಣಿನ ಕಣ ಕತ್ತಲಲ್ಲಿ ಹೂತುಹೋದ ಮೇಲೆ ಸುತ್ತಲಿನ ವಿಕಿರಣದ ಶಕ್ತಿಯನ್ನು ಚೂರುಚೂರೇ ಕೂಡಿಡುತ್ತದೆ. ಲ್ಯಾಬಿನಲ್ಲಿ ಬೆಳಕು ಬಿಟ್ಟರೆ ಆ ಶಕ್ತಿ ಸಣ್ಣ ಮಿನುಗಾಗಿ ಹೊರಬರುತ್ತದೆ. ಮಿನುಗು ಎಷ್ಟಿದೆ ನೋಡಿ, ಆ ಮಣ್ಣು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಲೆಕ್ಕ ಹಾಕುತ್ತಾರೆ. ಬಂದ ಉತ್ತರ: ಕ್ರಿ.ಪೂ. 1380ರಿಂದ 550ರ ನಡುವೆ. ತೀರಾ ಈಚಿನದು ಅಂದುಕೊಂಡರೂ ಆಲ್ಫ್ರೆಡ್‌ಗಿಂತ 1400 ವರ್ಷ ಹಳೆಯದು. ಅವನು ಹುಟ್ಟಿದ ವಾಂಟೇಜ್ ಊರು ಅಲ್ಲೇ ಹತ್ತಿರ, ಪೇಟೆಯ ನಡುವೆ ಅವನ ಪ್ರತಿಮೆಯೂ ಇದೆ. ಅಷ್ಟು ಸಾಕಾಯಿತು, ಹೆಸರು ಅಂಟಿಕೊಂಡಿತು.

ನನ್ನನ್ನು ಕೇಳಿದರೆ, ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಇಷ್ಟು ವರ್ಷ ಇದು ಅಳಿಸಿಹೋಗಲಿಲ್ಲ ಯಾಕೆ? 110 ಮೀಟರ್ ಉದ್ದದ ಈ ಕುದುರೆ ಸುಮ್ನೆ ಗೀಚಿದ್ದಲ್ಲ. ಗುಡ್ಡದಲ್ಲಿ ಕಾಲುವೆ ತೋಡಿ, ಶಾಲೆಯ ಸೀಮೆಸುಣ್ಣದಂಥ ಮೆತ್ತನೆಯ ಬಿಳಿ ಸುಣ್ಣಕಲ್ಲನ್ನು ಕುಟ್ಟಿ ತುಂಬಿದ್ದಾರೆ. ಆದರೂ ಕೆಲವು ವರ್ಷ ಕೈಬಿಟ್ಟರೆ ಹುಲ್ಲು ನುಂಗಿಬಿಡುತ್ತದೆ. ಹಿಂದೆ ಸುತ್ತಲಿನ ಊರಿನವರು ಸೇರಿ ಹುಲ್ಲು ಕೀಳುತ್ತಿದ್ದರು, ಜೊತೆಗೆ ಜಾತ್ರೆಯೂ ನಡೆಯುತ್ತಿತ್ತು. ಈಗ ಹಳೆಯ ತಾಣಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸ್ವಯಂಸೇವಕರು ಮಂಡಿಯೂರಿ ಕೂತು ಸುತ್ತಿಗೆಯಲ್ಲಿ ಸುಣ್ಣಕಲ್ಲು ಕುಟ್ಟುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಮಾತ್ರ ಬೇಕಂತಲೇ ಮುಚ್ಚಿದ್ದರು, ಜರ್ಮನ್ ವಿಮಾನಗಳಿಗೆ ಗುರುತು ಸಿಗಬಾರದು ಅಂತ.

ಅಂದರೆ ಆಲ್ಫ್ರೆಡ್‌ನ ಕಾಲದವರೂ ಅಲ್ಲಿ ಹುಲ್ಲು ಕಿತ್ತಿರಲೇಬೇಕು, ಅಲ್ವಾ? ಅಷ್ಟು ಪಾಲು ಅವರಿಗೆ ಕೊಡೋಣ.

ಕೆಳಗಿನ ಡ್ರ್ಯಾಗನ್ ಗುಡ್ಡದ ತುದಿಯಲ್ಲಿ ಹುಲ್ಲಿಲ್ಲದ ಒಂದು ಬಿಳಿ ಜಾಗ ಇದೆ. ಸಂತ ಜಾರ್ಜ್ ಕೊಂದ ಡ್ರ್ಯಾಗನ್‌ನ ರಕ್ತ ಅಲ್ಲಿ ಬಿತ್ತಂತೆ. ದಯವಿಟ್ಟು ಮುಂದಿನ ವಾರ ಅದನ್ನು ಕೇಳಬೇಡಿ.