ಎರಡು ಸ್ಲೈಡು, ಒಂದು ಎಲುಬು

ಮೊದಲ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಸೂಕ್ಷ್ಮದರ್ಶಕದ ಕೆಳಗಿನ ಎಲುಬಿನ ಸ್ಲೈಡಿನಲ್ಲಿ ಕಪ್ಪು ಚುಕ್ಕೆಯೊಂದನ್ನು ತೋರಿಸಿ ‘ಇದೇನು?’ ಎಂದು ಕೇಳಿದರು. ‘ಆಸ್ಟಿಯೋಸೈಟ್, ಸರ್’ ಎಂದೆ, ಅಂದರೆ ಎಲುಬಿನ ಕೋಶ. ತಪ್ಪು. ಅದು ಕೋಶವಲ್ಲ, ಕೋಶ ವಾಸವಿದ್ದ ಗೂಡು: ಲಕ್ಯೂನಾ. ವಿಜಯಪುರದಲ್ಲಿ ನನ್ನ ಜೊತೆ ಓದುವ ಅರ್ಧ ಮಂದಿ ಇದೇ ಉತ್ತರ ಕೊಟ್ಟು ಬಂದಿದ್ದರು. ಆದ್ದರಿಂದ ಈ ಟಿಪ್ಪಣಿ.

ನಾವು ನೋಡಿದ್ದು ಒಣ ಎಲುಬನ್ನು ಬೆಳಕು ತೂರುವಷ್ಟು ತೆಳ್ಳಗೆ ಉಜ್ಜಿ ಮಾಡಿದ ಸ್ಲೈಡ್. ಅದರಲ್ಲಿ ಕೋಶಗಳು ಉಳಿದಿರುವುದಿಲ್ಲ. ಖಾಲಿ ಗೂಡುಗಳಲ್ಲಿ ಗಾಳಿ ತುಂಬಿ ಕಪ್ಪಗೆ ಕಾಣುತ್ತದೆ. ಕೋಶಗಳನ್ನು ನೋಡಲು ಬೇರೆ ಸ್ಲೈಡ್ ಬೇಕು: ಹಸಿ ಎಲುಬನ್ನು ಕೆಡದಂತೆ ಫಾರ್ಮಲಿನ್‌ನಲ್ಲಿಟ್ಟು, ಆಮ್ಲದಲ್ಲಿ ಖನಿಜ ಕರಗಿಸಿ, ಕತ್ತರಿಸಿ ಬಣ್ಣ ಹಾಕಿದ್ದು. ಅಲ್ಲಿ ಕೋಶಗಳಿವೆ, ಖನಿಜ ಇಲ್ಲ. ಇಡೀ ಎಲುಬು ಯಾವ ಒಂದು ಸ್ಲೈಡಿನಲ್ಲೂ ಸಿಗುವುದಿಲ್ಲ.

ಆಮ್ಲ ಕರಗಿಸಿದ್ದು ಏನನ್ನು? ಎಲುಬಿನ ತೂಕದ ಸುಮಾರು ಶೇ 65ರಷ್ಟು ಖನಿಜ, ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹೈಡ್ರಾಕ್ಸಿಅಪಟೈಟ್. ಉಳಿದ ಸಾವಯವ ಭಾಗದಲ್ಲಿ ಸುಮಾರು ಶೇ 90ರಷ್ಟು ಒಂದನೇ ಬಗೆಯ ಕೊಲ್ಯಾಜೆನ್ ಎಂಬ ಪ್ರೋಟೀನಿನ ನಾರು. ನಮ್ಮ ಕಡೆ ಗೋಡೆಯ ಮಣ್ಣಿಗೆ ಹೊಟ್ಟು ಕಲಸಿ ತುಳಿಯುತ್ತಾರಲ್ಲ, ಅದೇ ಲೆಕ್ಕ: ಮಣ್ಣು ಭಾರ ಹೊರುತ್ತದೆ, ಹೊಟ್ಟು ಬಿರುಕು ತಡೆಯುತ್ತದೆ. ಆಮ್ಲದಲ್ಲಿಟ್ಟ ಎಲುಬು ರಬ್ಬರಿನಂತೆ ಬಾಗುತ್ತದೆ, ಸುಟ್ಟ ಎಲುಬು ಮುಟ್ಟಿದರೆ ಪುಡಿಯಾಗುತ್ತದೆ. ಗಟ್ಟಿತನವೆಲ್ಲ ಖನಿಜದ್ದೇ ಎಂದು ಬರೆಯಬೇಡಿ.

ಈಗ ಮೊದಲ ಸ್ಲೈಡಿಗೆ ಮರಳೋಣ. ನಡುವೆ ಹ್ಯಾವರ್ಸ್ ನಾಳ; ಜೀವಂತ ಎಲುಬಿನಲ್ಲಿ ಅದರೊಳಗೆ ರಕ್ತನಾಳ ಮತ್ತು ನರ ಇರುತ್ತವೆ. ಕ್ಲಾಪ್ಟನ್ ಹ್ಯಾವರ್ಸ್ ಎಂಬ ಇಂಗ್ಲಿಷ್ ವೈದ್ಯ 1691ರಲ್ಲಿ ವರ್ಣಿಸಿದ್ದರಿಂದ ಆ ಹೆಸರು. ಅದರ ಸುತ್ತ ಬಳೆಗಳಂತೆ ಪದರಗಳು, ಅಂದರೆ ಲಮೆಲ್ಲಾಗಳು. ಒಂದು ಪದರದ ನಾರು ಒಂದು ದಿಕ್ಕಿಗಾದರೆ ಮುಂದಿನದರ ನಾರು ಇನ್ನೊಂದು ದಿಕ್ಕಿಗೆ. ತಿರುಚಿದರೂ ಸುಲಭವಾಗಿ ಸೀಳದಿರುವುದು ಇದರಿಂದ. ಇಷ್ಟೂ ಸೇರಿ ಒಂದು ಆಸ್ಟಿಯಾನ್, ಅಡ್ಡಳತೆ ಸುಮಾರು 0.2 ಮಿಲಿಮೀಟರ್. ನಾಳದಿಂದ ನಾಳಕ್ಕೆ ಅಡ್ಡ ಹಾಯುವವು ಫೋಲ್ಕ್‌ಮನ್ ನಾಳಗಳು. ಇವುಗಳ ಸುತ್ತ ಬಳೆಗಳಿರುವುದಿಲ್ಲ. ಪರೀಕ್ಷಕರಿಗೆ ಈ ಪ್ರಶ್ನೆ ಬಹಳ ಇಷ್ಟ.

ಗೂಡಿನಿಂದ ಗೂಡಿಗೆ ಕೂದಲೆಳೆಯಂಥ ಗೆರೆಗಳಿವೆಯಲ್ಲ, ಅವು ಕೆನಾಲಿಕ್ಯುಲೈ. ಕಿವಿ, ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿಯಲ್ಲಿ ಪೋಷಕಾಂಶ ಮಾತೃಕೆಯ, ಅಂದರೆ ಕೋಶಗಳ ಸುತ್ತಲಿನ ವಸ್ತುವಿನ, ಮೂಲಕವೇ ಜಿನುಗುತ್ತದೆ. ಎಲುಬಿನ ಮಾತೃಕೆ ಖನಿಜದಿಂದ ಬಿಗಿದುಕೊಂಡಿರುವುದರಿಂದ ಇಲ್ಲಿ ಅದು ಸಾಗದು. ಹೀಗಾಗಿ ಆಸ್ಟಿಯೋಸೈಟ್‌ಗಳು ಈ ಸಂದಿಗಳಲ್ಲಿ ಕೈಚಾಚಿ ಒಂದಕ್ಕೊಂದು ಅಂಟಿಕೊಂಡು ಬದುಕುತ್ತವೆ. ಸ್ಪಂಜು ಎಲುಬಿನಲ್ಲಿ, ಅಂದರೆ ತೆಳು ಕಂಬಿಗಳ ಜಾಲದಂತಿರುವ ಒಳಗಿನ ಎಲುಬಿನಲ್ಲಿ, ಸಾಮಾನ್ಯವಾಗಿ ಆಸ್ಟಿಯಾನ್ ಇರುವುದಿಲ್ಲ. ಆ ಕಂಬಿಗಳಿಗೆ ಪಕ್ಕದ ಮಜ್ಜೆಯಿಂದಲೇ ಪೋಷಣೆ ಸಿಗುತ್ತದೆ.

ಎರಡನೇ ಸ್ಲೈಡಿನ ಕೋಶಗಳ ಪೈಕಿ ಆಸ್ಟಿಯೋಬ್ಲಾಸ್ಟ್ ಕಟ್ಟುವ ಕೋಶ. ಅದು ಮೊದಲು ಆಸ್ಟಿಯಾಯ್ಡ್ ಎಂಬ ಖನಿಜವಿಲ್ಲದ ಮಾತೃಕೆ ಸುರಿಸುತ್ತದೆ, ಖನಿಜ ಕೂರುವುದು ಆಮೇಲೆ. ತಾನು ಕಟ್ಟಿದ ಗೋಡೆಯೊಳಗೇ ಹೂತುಹೋದ ಆಸ್ಟಿಯೋಬ್ಲಾಸ್ಟೇ ಆಸ್ಟಿಯೋಸೈಟ್. ಪ್ರಾಯದವರ ಎಲುಬಿನ ಕೋಶಗಳಲ್ಲಿ ಶೇ 90ಕ್ಕಿಂತ ಹೆಚ್ಚು ಇವೇ.

ಕೆಡವುವ ಕೋಶ ಆಸ್ಟಿಯೋಕ್ಲಾಸ್ಟ್ ಈ ಮನೆತನದ್ದಲ್ಲ. ರಕ್ತದ ಮೋನೋಸೈಟ್ ಎಂಬ ಬಿಳಿಕಣದ ವಂಶದ ಕೋಶಗಳು ಕೂಡಿಕೊಂಡು ಆದ ದೊಡ್ಡ ಕೋಶ ಅದು, ಹೀಗಾಗಿ ಹಲವು ಕೋಶಕೇಂದ್ರಗಳು. ಎಲುಬಿನ ಮೇಲೆ ಬಿಗಿಯಾಗಿ ಕೂತು ಕೆಳಗೆ ಆಮ್ಲ ಬಿಟ್ಟು ಖನಿಜ ಕರಗಿಸುತ್ತದೆ. ಪ್ರಯೋಗಾಲಯದಲ್ಲಿ ಸ್ಲೈಡಿಗಾಗಿ ಮಾಡಿದ್ದೂ ಇದನ್ನೇ. ಆದರೆ ಇದು ಅಲ್ಲಿಗೆ ನಿಲ್ಲದೆ ಕೆಥೆಪ್ಸಿನ್ ಕೆ ಎಂಬ ಕಿಣ್ವದಿಂದ ನಾರನ್ನೂ ತುಂಡರಿಸುತ್ತದೆ.

ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ಎಲುಬನ್ನು ಕರಗಿಸುತ್ತದೆ ಎಂದು ಓದಿ, ಅದು ನೇರ ಆಸ್ಟಿಯೋಕ್ಲಾಸ್ಟ್‌ಗೆ ಹೇಳುತ್ತದೆ ಎಂದುಕೊಂಡಿದ್ದೆ. ಹೇಳುವುದು ಆಸ್ಟಿಯೋಬ್ಲಾಸ್ಟ್ ವಂಶಕ್ಕೆ. ಅವು ರ‍್ಯಾಂಕ್‌ಎಲ್ ಎಂಬ ಸಂಕೇತ ಹೊರಡಿಸಿ ಆಸ್ಟಿಯೋಕ್ಲಾಸ್ಟ್‌ಗಳನ್ನು ಹುಟ್ಟಿಸಿ ಎಬ್ಬಿಸುತ್ತವೆ. ಕೆಡವುವವನನ್ನು ಕರೆಯುವವನೂ ಗೌಂಡಿಯೇ.

ಮುಂದಿನ ಸಲ ಬಣ್ಣದ ಸ್ಲೈಡ್ ಕೈಗೆ ಬಂದಾಗ ಸ್ಪಂಜು ಎಲುಬಿನ ಕಂಬಿಯ ಅಂಚನ್ನೇ ನೋಡಿ. ಒಂದು ಕಡೆ ಚಿಕ್ಕ ಕೋಶಗಳು ಒತ್ತೊತ್ತಾಗಿ ಸಾಲುಗಟ್ಟಿರುತ್ತವೆ, ಅವೇ ಆಸ್ಟಿಯೋಬ್ಲಾಸ್ಟ್‌ಗಳು. ಇನ್ನೊಂದು ಕಡೆ ಅಂಚು ಕಚ್ಚಿದಂತೆ ತಗ್ಗಾಗಿದ್ದರೆ ಅದು ಹೌಶಿಪ್ ಕುಳಿ. ಅದರಲ್ಲಿ ಹಲವು ಕೇಂದ್ರಗಳ ಆ ದೊಡ್ಡ ಕೋಶ ಕೂತಿದೆಯೇ ಎಂದು ಹುಡುಕಿ.