ಪದವಿ ಮುಗಿಯುವ ಮೊದಲು ಮೂಳೆ ತುಂಬಬೇಕು

ನಮ್ಮ ಪದವಿ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣವೆಂದರೆ ಅಂತರ ಕಾಲೇಜು ಪಂದ್ಯಕ್ಕೆ ತಂಡ ಕಟ್ಟುವ ಕೆಲಸ ಎಂದೇ ಹಲವರ ತಿಳಿವಳಿಕೆ. ಆಯ್ಕೆಯಾದವರು ಮೈದಾನಕ್ಕೆ ಇಳಿಯುತ್ತಾರೆ, ಉಳಿದವರು ಹಾಜರಿ ಹಾಕಿಸಿಕೊಂಡು ಹೊರಡುತ್ತಾರೆ. ಆದರೆ ಆ ಪೀರಿಯಡ್ ಹೆಚ್ಚು ಬೇಕಾಗಿರುವುದು ಹೀಗೆ ಹೊರಟುಹೋಗುವವರಿಗೇ. ಕಾರಣ ಅವರ ಮೂಳೆಯೊಳಗಿದೆ.

ಹದಿನೆಂಟರ ಹೊತ್ತಿಗೆ ಎತ್ತರ ಹೆಚ್ಚುಕಡಿಮೆ ನಿಂತಿರುತ್ತದೆ, ಮೂಳೆ ಮಾತ್ರ ಇನ್ನೂ ತುಂಬಿಕೊಳ್ಳುತ್ತಿರುತ್ತದೆ. ಜೀವಮಾನದ ಗರಿಷ್ಠ ಮೂಳೆಯ ಸುಮಾರು 90% ಅಷ್ಟರಲ್ಲಿ ಸೇರಿದ್ದರೆ, ಉಳಿದದ್ದು ಇಪ್ಪತ್ತರ ದಶಕದಲ್ಲಿ ಸೇರುತ್ತದೆ. ಆಮೇಲಿನದು ಇದ್ದುದನ್ನು ಉಳಿಸಿಕೊಳ್ಳುವ ಕಾಲ. ಈ ಗರಿಷ್ಠ ಸಾಂದ್ರತೆ 10% ಹೆಚ್ಚಿದ್ದರೆ ಮಹಿಳೆಯರಲ್ಲಿ ಮೂಳೆ ಸವೆತದ ರೋಗ 13 ವರ್ಷ ತಡವಾಗಿ ಬರುತ್ತದೆ ಎಂದು 2003ರ ಒಂದು ಕಂಪ್ಯೂಟರ್ ಲೆಕ್ಕಾಚಾರ ತೋರಿಸಿತು.

ಹಾಲು ಕುಡಿದರೆ, ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಮೂಳೆ ತಾನಾಗಿ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಎಲ್ಲಿ, ಎಷ್ಟು ಕಟ್ಟಬೇಕೆಂದು ಹೇಳುವುದು ಆಸ್ಟಿಯೋಸೈಟ್ ಎಂಬ ಜೀವಕೋಶಗಳು. ಮೂಳೆಯ ಜೀವಕೋಶಗಳಲ್ಲಿ 90%ಕ್ಕೂ ಹೆಚ್ಚು ಇವೇ. ಗಟ್ಟಿ ಮೂಳೆಯೊಳಗೆ ಹುದುಗಿಕೊಂಡು, ದ್ರವ ತುಂಬಿದ ಅತಿಸೂಕ್ಷ್ಮ ನಾಳಗಳಲ್ಲಿ ಎಳೆಗಳನ್ನು ಚಾಚಿ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಹಸಿ ಕಬ್ಬಿನ ಜಲ್ಲೆಯನ್ನು ಮಂಡಿಗೊತ್ತಿ ಬಗ್ಗಿಸಿದರೆ ಒತ್ತಡ ಬಿದ್ದ ಕಡೆಯಿಂದ ರಸ ಸರಿಯುತ್ತದಲ್ಲ, ನೆಗೆದು ನೆಲಕ್ಕೆ ಕಾಲೂರಿದಾಗ ಮೂಳೆಯೊಳಗೂ ಹಾಗೆಯೇ ದ್ರವ ಸರಿಯುತ್ತದೆ. ಆ ಹರಿವು ತಟ್ಟಿದ ಜೀವಕೋಶ ಸ್ಕ್ಲಿರೋಸ್ಟಿನ್ ಎಂಬ ಪ್ರೋಟೀನಿನ ತಯಾರಿಯನ್ನು ತಗ್ಗಿಸುತ್ತದೆ. ಮೂಳೆ ಕಟ್ಟುವ ಕೋಶಗಳನ್ನು ತಡೆಹಿಡಿಯುವುದೇ ಸ್ಕ್ಲಿರೋಸ್ಟಿನ್ನಿನ ಕೆಲಸ. ಅದು ಎಲ್ಲಿ ತಗ್ಗಿತೋ ಅಲ್ಲಿ ಕಟ್ಟಡ ಶುರುವಾಗುತ್ತದೆ.

ದಕ್ಷಿಣ ಆಫ್ರಿಕಾದಲ್ಲಿ ಡಚ್ ಮೂಲದ ಕೆಲವು ಆಫ್ರಿಕಾನರ್ ಕುಟುಂಬಗಳಲ್ಲಿ ಹುಟ್ಟಿನಿಂದಲೇ ಈ ಪ್ರೋಟೀನ್ ಇಲ್ಲದವರಿದ್ದಾರೆ. ಅವರ ಮೂಳೆಗಳು ಅಸಾಧಾರಣ ದಪ್ಪ. ತಲೆಬುರುಡೆ ಬೆಳೆದು ನರಗಳನ್ನೇ ಒತ್ತುವಷ್ಟು. ಅವರ ಕಾಯಿಲೆಯ ಮೂಲ ಹುಡುಕಿದ್ದರಿಂದಲೇ ರೊಮೊಸೊಜುಮ್ಯಾಬ್ ಎಂಬ ಮೂಳೆ ಸವೆತದ ಔಷಧಿಗೆ ದಾರಿಯಾಯಿತು. ಅಮೆರಿಕ 2019ರಲ್ಲಿ ಅದನ್ನು ಒಪ್ಪಿತು. ಈ ದುಬಾರಿ ಔಷಧಿ ತಡೆಯುವುದೂ ಪುಕ್ಕಟೆ ನೆಗೆತ ತಗ್ಗಿಸುವುದೂ ಒಂದೇ ಪ್ರೋಟೀನನ್ನು!

ಹೊರೆ ಎಲ್ಲಿ ಬೀಳುತ್ತದೋ ಲಾಭವೂ ಅಲ್ಲೇ. ವೃತ್ತಿಪರ ಟೆನಿಸ್ ಆಟಗಾರರನ್ನು ಪರೀಕ್ಷಿಸಿದ 1977ರ ಅಧ್ಯಯನದಲ್ಲಿ ಆಡುವ ತೋಳಿನ ಮೂಳೆಯ ಹೊರಪದರ ಇನ್ನೊಂದು ತೋಳಿನದಕ್ಕಿಂತ ಗಂಡಸರಲ್ಲಿ ಸುಮಾರು 35%, ಹೆಂಗಸರಲ್ಲಿ 28% ದಪ್ಪವಿತ್ತು. ಈಜು, ಸೈಕಲ್ ಹೃದಯಕ್ಕೆ ಒಳ್ಳೆಯವು, ಮೂಳೆಗೆ ಅಷ್ಟಕ್ಕಷ್ಟೆ. ನಡಿಗೆಯಲ್ಲಿ ನೆಲದಿಂದ ಬರುವ ಬಲ ಮೈತೂಕಕ್ಕಿಂತ ತುಸು ಹೆಚ್ಚು, ಆದರೆ ನೆಗೆದು ಇಳಿದಾಗ ಮೂರು ಪಟ್ಟು ಅಥವಾ ಅದಕ್ಕೂ ಮೀರಿ.

ಎಷ್ಟು ನೆಗೆಯಬೇಕು? 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಮಹಿಳೆಯರು ವಾರಕ್ಕೆ ಆರು ದಿನ, ದಿನಕ್ಕೆ 50 ಸಲ, ಸುಮಾರು 8 ಸೆಂ.ಮೀ. ಎತ್ತರಕ್ಕೆ ನೆಗೆದರು. ಐದು ತಿಂಗಳಲ್ಲಿ ಮುಟ್ಟು ನಿಲ್ಲದವರ ತೊಡೆಮೂಳೆಯ ಸಾಂದ್ರತೆ 2.8% ಏರಿತು. ಮುಟ್ಟು ನಿಂತವರಿಗೆ ಅದೇ ನೆಗೆತ ಫಲ ಕೊಡಲಿಲ್ಲ. ವಯಸ್ಸು ಮೀರುವ ಮಾತು ಇಲ್ಲಿ ಅಕ್ಷರಶಃ ನಿಜ.

ಹಾಗಾಗಿ ಪೀರಿಯಡ್ಡಿನಲ್ಲಿ ಐದು ನಿಮಿಷ ನಿಧಾನ ಓಟ, ಆಮೇಲೆ ಮಣ್ಣಿನ ನೆಲದಲ್ಲಿ ಹತ್ತು ಹತ್ತರಂತೆ ಮೂರರಿಂದ ಐದು ಸುತ್ತು ನೆಗೆತ ಸಾಕು. ಮುಂಗಾಲು ಮೊದಲು ಊರಬೇಕು, ಮಂಡಿ ಬಾಗಬೇಕು, ಆದರೆ ಒಳಕ್ಕೆ ವಾಲಬಾರದು. ಒಂದೇ ಹೊರೆ ಬಿಡುವಿಲ್ಲದೆ ಬಿದ್ದರೆ ಮೂಳೆಯ ಕೋಶಗಳು ಸ್ಪಂದಿಸುವುದನ್ನು ನಿಲ್ಲಿಸುತ್ತವೆ. ಆದ್ದರಿಂದ ಎರಡು ನೆಗೆತಗಳ ನಡುವೆ ಹತ್ತು ಸೆಕೆಂಡ್ ಬಿಡುವು ಇರಲಿ. ಉಳಿದ ಹೊತ್ತು ಖೋ ಖೋ, ಕಬಡ್ಡಿ, ಥ್ರೋಬಾಲ್. ಗಕ್ಕನೆ ನಿಂತು ದಿಕ್ಕು ಬದಲಿಸುವ ಆಟಗಳು ಮೂಳೆಯನ್ನು ಎಲ್ಲ ಕಡೆಯಿಂದ ಬಾಗಿಸುತ್ತವೆ.

ಹೆಣ್ಣುಮಕ್ಕಳು ಕುಣಿದರೆ ಗರ್ಭಕೋಶ ಜಾರುತ್ತದೆ ಎಂದು ಈಗಲೂ ಮನೆಗಳಲ್ಲಿ ಹೆದರಿಸುತ್ತಾರೆ. ಇದು ನಮ್ಮೂರಿನದಷ್ಟೇ ಅಲ್ಲ. 1928ರ ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು ಓಡಿದ 800 ಮೀಟರ್ ಓಟವನ್ನು ಆಮೇಲೆ ಕೈಬಿಟ್ಟರು. ಅದು ಹೆಂಗಸರಿಗೆ ಮತ್ತೆ ಸಿಕ್ಕಿದ್ದು 1960ರಲ್ಲಿ, ಸ್ಕೀ ಜಂಪಿಂಗ್ ಸಿಕ್ಕಿದ್ದು 2014ರಲ್ಲಿ. ಆರೋಗ್ಯವಂತ ಹುಡುಗಿಯ ಗರ್ಭಕೋಶ ನೆಗೆತಕ್ಕೆ ಜಾರುವುದಿಲ್ಲ. ನಿಜವಾದ ಅಪಾಯ ಬೇರೆ: ಊಟ ಕಡಿಮೆ ಮಾಡಿ ಅತಿಯಾಗಿ ಓಡಿದರೆ ಈಸ್ಟ್ರೋಜನ್ ಎಂಬ ಹಾರ್ಮೋನು ಕುಸಿದು ಮುಟ್ಟು ತಪ್ಪುತ್ತದೆ, ಮೂಳೆ ಕರಗುತ್ತದೆ. ಸತತ ಮೂರು ತಿಂಗಳು ಮುಟ್ಟು ತಪ್ಪಿದರೆ ವೈದ್ಯರನ್ನು ಕಾಣಬೇಕು. ದಿನಕ್ಕೆ ಬೇಕಾದ 1000 ಮಿ.ಗ್ರಾಂ. ಕ್ಯಾಲ್ಸಿಯಂನಲ್ಲಿ ಮೂರನೇ ಒಂದು ಭಾಗವನ್ನು 100 ಗ್ರಾಂ ರಾಗಿಯೇ ಕೊಡುತ್ತದೆ.

ಕೆಡುವುದು ಅವಸರದಿಂದ. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ಹಳೆಯದನ್ನು ಕೆರೆದು ತೆಗೆಯುತ್ತದೆ, ಅದಕ್ಕೆ ಕೆಲವು ವಾರ ಬೇಕು. ಮತ್ತೆ ತುಂಬಲು ತಿಂಗಳುಗಳೇ ಹಿಡಿಯುತ್ತವೆ. ಕ್ರೀಡಾಕೂಟದ ದಿನಾಂಕ ಗೊತ್ತಾದ ಮೇಲೆ ದಿಢೀರನೆ ಅಭ್ಯಾಸಕ್ಕಿಳಿದವರಿಗೆ ಕಾಲುನೋವು ಬರುವುದು ಈ ನಡುವಿನ ಅವಧಿಯಲ್ಲಿ. ಮೊಣಕಾಲ ಕೆಳಗಿನ ಮೂಳೆಯ ಉದ್ದಕ್ಕೂ ಹರಡಿದ ನೋವಾದರೆ ಅಭ್ಯಾಸ ಇಳಿಸಿದರೆ ಬಹುಪಾಲು ಹೋಗುತ್ತದೆ. ಬೆರಳಿಟ್ಟ ಒಂದೇ ಜಾಗದಲ್ಲಿ ಚುಳುಕೆಂದರೆ, ಒಂಟಿಗಾಲಲ್ಲಿ ಕುಪ್ಪಳಿಸಿದಾಗ ಅಲ್ಲೇ ನೋವು ಹೆಚ್ಚಿದರೆ ಅದು ಸಣ್ಣ ಬಿರುಕಿರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೆ ಹೋಗಬಹುದು, ಹಾಗಾಗಿ ಎಕ್ಸ್‌ರೇ ಸರಿಯಿದೆ ಎಂದು ಮೈದಾನಕ್ಕೆ ಮರಳಬಾರದು.