ಅಡುಗೆ ಪಾತ್ರೆಯಲ್ಲಿ ಸಿಕ್ಕ ಹೊಸ ಹಕ್ಕಿ

ತಾಂಜಾನಿಯಾ ಅಂದ ಕೂಡಲೇ ನೆನಪಾಗುವುದು ಬಯಲು, ಜೀಪು, ಸಿಂಹ ಅಲ್ವಾ? ಉಡ್ಜುಂಗ್ವಾ ಬೆಟ್ಟಗಳಲ್ಲಿ ಅದ್ಯಾವುದರ ಆಟವೂ ನಡೆಯುವುದಿಲ್ಲ. 1992ರಲ್ಲಿ ಶುರುವಾದ, ಸುಮಾರು 1,990 ಚದರ ಕಿ.ಮೀ. ಹರಡಿರುವ ಈ ರಾಷ್ಟ್ರೀಯ ಉದ್ಯಾನವನ್ನು ನಡೆದೇ ನೋಡಬೇಕು.

ಹೋದವರೆಲ್ಲ ಸಾಮಾನ್ಯವಾಗಿ ಸಾಂಜೆ ಜಲಪಾತಕ್ಕೆ ಹತ್ತುತ್ತಾರೆ. ಗೈಡ್ ಜೊತೆ ಹೋಗಿ ಬರಲು ನಾಲ್ಕು ಗಂಟೆ ಬೇಕು. ನೀರು ಹಂತ ಹಂತವಾಗಿ ಒಟ್ಟು 170 ಮೀಟರ್ ಕೆಳಗಿಳಿಯುತ್ತದೆ. ಬುಡದ ಹೊಂಡದಲ್ಲಿ ಈಜಬಹುದು, ಮೇಲೆ ನಿಂತರೆ ಕಿಲೊಂಬೆರೊ ಕಣಿವೆಯ ಕಬ್ಬಿನ ಗದ್ದೆಗಳು ಕಾಣುತ್ತವೆ.

ನನಗೆ ಮಾತ್ರ ಜಲಪಾತಕ್ಕಿಂತ ಒಂದು ಅಡುಗೆ ಪಾತ್ರೆಯ ಕತೆಯೇ ಜಾಸ್ತಿ ಇಷ್ಟ. 1991ರಲ್ಲಿ ಈ ಕಾಡಿನ ಬಿಡಾರವೊಂದರಲ್ಲಿದ್ದ ಡೆನ್ಮಾರ್ಕಿನ ಜೀವವಿಜ್ಞಾನಿಗಳಿಗೆ ಪಾತ್ರೆಯ ತಳದಲ್ಲಿ ಯಾವುದೋ ಹಕ್ಕಿಯ ಎರಡು ಕಾಲು ಕಂಡವು. ಇದ್ಯಾವ ಕೋಳಿಯಪ್ಪಾ ಅಂತ ಹುಡುಕಿಕೊಂಡು ಹೋದರೆ ಅದು ವಿಜ್ಞಾನಕ್ಕೇ ಗೊತ್ತಿರದ ಕೌಜುಗ! ಇನ್ನೂ ವಿಚಿತ್ರ ಅಂದರೆ ಅದರ ಹತ್ತಿರದ ನೆಂಟರು ಇರುವುದು ಆಫ್ರಿಕಾದಲ್ಲಲ್ಲ, ಏಷ್ಯಾದ ಗುಡ್ಡಗಾಡಿನಲ್ಲಿ.

ಇಲ್ಲಿ ಮಾತ್ರ ಇಂಥವು ಹೇಗೆ ಉಳಿದವು? ಕಾರಣ ಮಳೆ. ಭೂಮಿ ತಣ್ಣಗಾಗಿ ಆಫ್ರಿಕಾ ಒಣಗಿದಾಗಲೆಲ್ಲ ಕಾಡು ಕುಗ್ಗಿ ಹುಲ್ಲುಗಾವಲು ಹಬ್ಬುತ್ತಿತ್ತು. ಆದರೆ ಹಿಂದೂ ಮಹಾಸಾಗರದಿಂದ, ಹೌದು, ನಮ್ಮ ಪಶ್ಚಿಮ ಘಟ್ಟಕ್ಕೂ ಮಳೆ ಕೊಡುವ ಅದೇ ಕಡಲಿನಿಂದ ಬರುವ ತೇವದ ಗಾಳಿ ಈ ಬೆಟ್ಟಗಳಿಗೆ ಬಡಿದು ಮೇಲೇರಿ ಮಳೆ ಸುರಿಸುತ್ತಲೇ ಇತ್ತು. ಸುತ್ತ ಒಣಬಯಲು, ಮಧ್ಯೆ ಹಸಿರು ದ್ವೀಪ. ಒಳಗೆ ಸಿಕ್ಕಿಕೊಂಡ ಜೀವಿಗಳು ಬೇರೆಯವರ ಜೊತೆ ಬೆರೆಯಲಾಗದೆ ತಮ್ಮದೇ ದಾರಿ ಹಿಡಿದವು. 2008ರಲ್ಲಿ ಹೆಸರು ಪಡೆದ ಬೂದುಮುಖದ ಸೆಂಗಿ ನೋಡಿ, ಉದ್ದ ಮೂತಿಯ ದೊಡ್ಡ ಇಲಿಯ ಹಾಗಿದೆ, ಆದರೆ ವಂಶಾವಳಿ ಬಿಡಿಸಿದರೆ ಇಲಿಗಿಂತ ಆನೆಗೇ ಹತ್ತಿರ.

ಸಾಂಜೆ ಮ್ಯಾಂಗಬೆ ಎಂಬ ಕೋತಿ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1979ರಲ್ಲಿ. ಮೊದಲು ಕೇಳಿದ್ದು ಅದರ ಕೂಗು. ಊರಿನವರಿಗೆ ಅದು ಮೊದಲೇ ಗೊತ್ತಿತ್ತು, ಹೆಸರೂ ಇಟ್ಟಿದ್ದರು, ಯಾರೂ ಕೇಳಿರಲಿಲ್ಲ ಅಷ್ಟೇ.

ಮಾರ್ಚ್‌ನಿಂದ ಮೇವರೆಗೆ ಜೋರು ಮಳೆ, ದಾರಿ ಜಾರುತ್ತದೆ. ಜೂನ್ ನಂತರ ಹೋಗುವುದು ವಾಸಿ. ಕೌಜುಗ ಸುಲಭಕ್ಕೆ ಸಿಗುವುದಿಲ್ಲ, ಅದನ್ನೇ ನಂಬಿಕೊಂಡು ಹೋಗಬೇಡಿ. ನೆತ್ತಿಗೆ ಕೆಂಪು ಟೋಪಿ ಹಾಕಿದಂತಿರುವ, ಹೆಬ್ಬೆರಳು ಇದ್ದೂ ಇಲ್ಲದಂತಿರುವ ಕೊಲೊಬಸ್ ಕೋತಿಗಳಿಗೆ ಮಾತ್ರ ಅಷ್ಟು ಹುಡುಕಾಟ ಬೇಡ. ಸುಮ್ನೆ ನಿಂತು ಕತ್ತೆತ್ತಿ ಕೊಂಬೆಗಳ ಕಡೆ ನೋಡುತ್ತಿರಿ.